ರಾಜಮ್ಮನಿಗೆ ಟೆಂಟು ಹುಡುಕಿದ ಬೇಸಿಗೆ

ಆಗ ನನಗೆ ಅರವತ್ತೆರಡು. ನಾಲ್ಕು ವರ್ಷದ ಹಿಂದಿನ ಮಾತು. ಮೊನ್ನೆ ನಂಜನಗೂಡಿನ ಬಸ್ ಸ್ಟ್ಯಾಂಡಿನ ಎದುರು ಒಬ್ಬ ತಳ್ಳುಗಾಡಿಯಲ್ಲಿ ಮುಸುಕಿನ ಜೋಳ ಸುಡುತ್ತಿದ್ದ. ಇದ್ದಿಲು ಒದ್ದೆ ಇತ್ತೇನೋ, ಹೊಗೆ ನೇರವಾಗಿ ನನ್ನ ಮೂಗಿಗೇ ಬಂತು. ಸೊಪ್ಪಿನ ಮಂಕರಿ ಇಳಿಸಿ ಅಲ್ಲೇ ನಿಂತುಬಿಟ್ಟೆ. "ಒಂದ್ ತೆನೆ ಕೊಡ್ಲಾ ಅಜ್ಜಿ?" ಅಂದ. "ಬ್ಯಾಡ ಕಣಪ್ಪ, ವಸಿ ಹೊಗೆ ಕುಡ್ಕಂಡ್ ಓಯ್ತೀನಿ" ಅಂದೆ. ಈ ಮುದುಕಿಗೆ ತಲೆ ಸರಿ ಇಲ್ಲ ಅಂದುಕೊಂಡಿರಬೇಕು. ಅಂದುಕೊಳ್ಳಲಿ. ನನಗೆ ಆ ಹೊಗೆಯಲ್ಲಿ ರಾಜಮ್ಮ ಕುರ್ಚಿಯ ಮೇಲೆ ಕೂತದ್ದು ಕಾಣುತ್ತಿತ್ತು.

ಮೊದಲೇ ಹೇಳಿಬಿಡುತ್ತೇನೆ, ರಾಜಮ್ಮ ಸತ್ತಿಲ್ಲ. ನೆನೆಸಿಕೊಂಡರೆ ಸತ್ತವರನ್ನೇ ನೆನೆಸಿಕೊಳ್ಳಬೇಕು ಅಂತೇನಿಲ್ಲ. ಗಟ್ಟಿಮುಟ್ಟಾಗಿದ್ದಾಳೆ, ಮೊನ್ನೆ ಕೂಡ ದಂಟಿನ ಸೊಪ್ಪು ಬಲಿತಿದೆ ಅಂತ ನನ್ನ ಜೊತೆ ಜಗಳ ಆಡಿದಳು.

ನನ್ನ ಹೆಸರು ಸಿದ್ದಮ್ಮ. ಹೆಡತಲೆಗೆ ಹತ್ತಿರದ ಒಂದು ಹಳ್ಳಿ ನಮ್ಮದು. ಬೆಳಗಿನ ಬಸ್ಸಿಗೆ ನಂಜನಗೂಡಿಗೆ ಸೊಪ್ಪು ಹೊತ್ತುಕೊಂಡು ಹೋಗುವುದು, ಖಾಲಿ ಮಾಡುವುದು, ಮಧ್ಯಾಹ್ನದ ಬಸ್ಸಿಗೆ ಬರುವುದು. ಬಸ್ಸಿನ ಬೋರ್ಡು ಓದುತ್ತೇನೆ. ಅದಕ್ಕಿಂತ ಉದ್ದದ್ದು ಓದಬೇಕಾದರೆ ಹೊತ್ತು ಬೇಕು. ರಾಜಮ್ಮ ನನಗಿಂತ ಎರಡು ವರ್ಷಕ್ಕೆ ಚಿಕ್ಕವಳು, ನಮ್ಮ ಬೀದಿಯವಳೇ, ಊರಿನ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಬಿಸಿಯೂಟ ಶುರುವಾದ ವರ್ಷದಿಂದಲೂ ಅವಳೇ. ಇಡೀ ಊರಿನ ಹುಡುಗರು ಅವಳ ಸಾರು ಉಂಡೇ ಮೀಸೆ ಬಂದವರು. ಶಾಲೆ ಮಾತ್ರವಲ್ಲ, ಯಾವ ಮದುವೆಗೆ ಹೋದರೂ ಅವಳು ಪಂಕ್ತಿಯಲ್ಲಿ ಕೂತದ್ದು ನಾನು ನೋಡಿರಲಿಲ್ಲ. ಚಪ್ಪರದೊಳಕ್ಕೆ ಕಾಲಿಡುತ್ತಿದ್ದ ಹಾಗೆ ಯಾರಾದರೂ, "ರಾಜಮ್ಮ, ವಸಿ ಸಾರು ನೋಡ್ ಬಾ" ಅನ್ನುತ್ತಿದ್ದರು. ನೋಡು ಅಂದರೆ ಮಾಡು ಅಂತ. ಇವಳೂ ಸೀರೆ ಎತ್ತಿ ಕಟ್ಟಿಕೊಂಡು ಒಲೆಯ ಹತ್ತಿರ ಹೋಗಿಬಿಡುವಳು.

ಆ ವರ್ಷ ಅವಳಿಗೆ ಅರವತ್ತು ತುಂಬಿತು. ಪರೀಕ್ಷೆ ಮುಗಿಯುವ ಹೊತ್ತಿಗೆ, ಇನ್ನು ಸಾಕು ಅಂತ ಹೇಳಿ ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ತಟ್ಟೆ ಕೊಟ್ಟು ಫೋಟೊ ತೆಗೆದರು. ಎಲ್ಲರಿಗೂ ಪಾಯಸ ಹಂಚಿದರು. ಆ ಪಾಯಸ ಮಾಡಿದವಳೂ ಅವಳೇ. ಹಾರ ಹಾಕಿಸಿಕೊಂಡು ಬಂದು, ಹಾರ ತೆಗೆದು ಗೂಟಕ್ಕೆ ನೇತುಹಾಕಿ, ಬಡಿಸಲು ನಿಂತಳು.

ಅದಾದ ಮೇಲೆ ನಮ್ಮ ಮಹಿಳಾ ಸಂಘದವರು ಏನಾದರೂ ಕೊಡಬೇಕು ಅಂತ ಮಾತಾಯಿತು. ಜಯಮ್ಮನ ಜಗಲಿಯಲ್ಲಿ ಸೇರಿದೆವು. ಜಯಮ್ಮ ಸಂಘದ ಅಧ್ಯಕ್ಷೆ, ಐವತ್ತರ ಹೆಂಗಸು, ಟಿವಿಎಸ್ ಗಾಡಿ ಓಡಿಸುತ್ತಾಳೆ, ಕೈಯಲ್ಲಿ ಯಾವಾಗಲೂ ಫೋನು.

"ಕೇಳ್ಬುಡು ರಾಜಕ್ಕ. ಸೀರೆ ತರ್ಲಾ, ಸ್ಟೀಲ್ ಕೊಳಗ ತರ್ಲಾ?" ಅಂದಳು ಜಯಮ್ಮ.

"ಕೊಳಗ ತಂದ್ರೆ ನಿನ್ ತಲೆಗೇ ಕವುಚಿಬುಡ್ತೀನಿ," ಅಂದಳು ರಾಜಮ್ಮ.

ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ ಹೇಳಿದಳು: "ಒಂದ್ ದಿನ ನಾನು ಕುಂತಿರ್ಬೇಕು. ಯಾರೋ ಮಾಡಿ, ತಂದು ಇಕ್ಬೇಕು. ಎಲ್ರುದೂ ಆದ್ಮ್ಯಾಲೆ ತಳ ಕೆರ್ಕಂಡ್ ತಿನ್ನೋದಲ್ಲ. ಮೊದ್ಲ ತಟ್ಟೆ ನಂದಾಗ್ಬೇಕು. ಉಂಡು ಅಲ್ಲೇ ಮಲೀಕಬೇಕು, ಎದ್ದು ಪಾತ್ರೆ ತೊಳ್ಯೋದು ಇರ್ಬಾರ್ದು. ಅದೊಂದ್ ಮಾಡ್ಸಿ, ಸೀರೆ ಬ್ಯಾಡ."

"ಅಷ್ಟೇ ತಾನೆ? ನಮ್ಮನೇಗೆ ಬಾ," ಅಂದಳು ಜಯಮ್ಮ.

"ನಿಮ್ಮನೇಲಿ ನಿಮ್ಮತ್ತೆ ಮುದ್ದೆ ತಿರುವೋದ ನೋಡುದ್ರೆ ನಂಗೆ ಕೈ ಕಡೀತದೆ. ಕಿತ್ಕಂಡು ನಾನೇ ತಿರುವ್ತೀನಿ."

"ದೇವಸ್ಥಾನದ ಊಟಕ್ಕೆ ಓಗು ಮತ್ತೆ."

"ಅಲ್ಲೂ ಗುರುತಿನೋರು ಅವ್ರೆ. ನೋಡುದ್ ತಕ್ಷಣ ಸೌಟು ಕೊಡ್ತಾರೆ."

ಹಾಗಾದರೆ ಗುರುತಿನವರು ಇಲ್ಲದ ಜಾಗ ಬೇಕು. ಜಯಮ್ಮ ಫೋನು ಉಜ್ಜಿ ಉಜ್ಜಿ ಏನೋ ತೆಗೆದು ಎಲ್ಲರ ಮುಂದೆ ಹಿಡಿದಳು. ಹೊಳೆ, ಮರ, ಮರದ ಕೆಳಗೆ ಬಟ್ಟೆಯ ಟೆಂಟುಗಳು, ಹಲಗೆಯ ಪುಟ್ಟ ಪುಟ್ಟ ಮನೆಗಳು. "ಬೆಂಗ್ಳೂರ್ನೋರು, ಮೈಸೂರ್ನೋರು ರಜಾ ಬಂದ್ರೆ ಬಂದು ಇಂಥ ಕಡೆ ಮಲೀಕತಾರೆ. ನಮ್ ಸುತ್ತಮುತ್ತಾನೇ ಬೇಜಾನ್ ಆಗವೆ ಈಗ."

"ಒಲದಲ್ ಮಲಗಾಕೆ ದುಡ್ ಕೊಡ್ತಾರಾ?" ಅಂದಳು ಇನ್ನೊಬ್ಬಳು. "ನನ್ ಗಂಡ ಕಾವ್ಲಿಗೆ ಒಲದಲ್ಲೇ ಮಲೀಕತಾನೆ, ಅವ್ನಿಗೆ ಯಾರೂ ಕೊಡ್ನಿಲ್ಲ."

ರಾಜಮ್ಮ ಫೋನು ಕೈಗೆ ತೆಗೆದುಕೊಂಡಳು. ಅದರಲ್ಲಿ ಒಂದು ಟೆಂಟಿನ ಮುಂದೆ ಯಾರೋ ಹೆಂಗಸು ಒಂದು ಕುರ್ಚಿಯಲ್ಲಿ ಕೂತು, ಇನ್ನೊಂದು ಕುರ್ಚಿಯ ಮೇಲೆ ಕಾಲು ಚಾಚಿಕೊಂಡಿದ್ದಳು. ರಾಜಮ್ಮ ಅದನ್ನೇ ನೋಡಿದಳು, ಬೆರಳಿಟ್ಟು ತೋರಿಸಿದಳು. "ಇಂಗೆ. ಇಂಗ್ ಕುಂತ್ಕಬೇಕು ನಾನು."

ಮಾತು ಮುಗಿಯಿತು. ಜಾಗ ಆರಿಸುವ ಕೆಲಸ ನನ್ನ ತಲೆಗೆ ಬಂತು. "ಸಿದ್ದಕ್ಕ ಸೊಪ್ಪು ಆರ್ಸೋದ ನೋಡಿದ್ದೀರಲ್ಲ, ಒಂದ್ ಉಳ ಬಿಡಲ್ಲ. ಅವ್ಳೇ ನೋಡ್ಲಿ, ನಾನ್ ಗಾಡೀಲಿ ಕರ್ಕಂಡ್ ಓಯ್ತೀನಿ," ಅಂದಳು ಜಯಮ್ಮ. "ನಂಗ್ಯಾಕವ್ವ ಬಿಸ್ಲಲ್ಲಿ ಅಲ್ಯೋ ಕರ್ಮ" ಅಂದೆ ಬಾಯಲ್ಲಿ. ಒಳಗೊಳಗೇ ಮಾತ್ರ, ನಾಳೆಯೇ ಹೊರಡೋಣ ಅಂದರೆ ಸಾಕು ಅಂತ ಕುಣಿಯುತ್ತಿದ್ದೆ. ನಾನು ನೋಡಿದ ಊರು ಅಂದರೆ ಬಸ್ಸು ಹೋಗುವ ಊರು. ಬರೀ ನೋಡುವುದಕ್ಕೆ ಅಂತ ಎಲ್ಲಿಗೂ ಹೋದವಳಲ್ಲ.

ಬಿಸಿಲು ಆ ವರ್ಷ ನೆಲದಿಂದಲೇ ಏಳುತ್ತಿತ್ತು. ಟಿವಿಎಸ್ಸಿನ ಹಿಂದೆ ಕೂತರೆ ಸೀಟು ಸುಡುತ್ತಿತ್ತು, ಒದ್ದೆ ಟವೆಲ್ ಹಾಸಿಕೊಂಡು ಕೂರುತ್ತಿದ್ದೆ. ತಗಡೂರಿನ ಹತ್ತಿರ ಒಮ್ಮೆ ಚಕ್ರ ಪಂಚರ್ ಆಗಿ ಇಬ್ಬರೂ ಗಾಡಿ ತಳ್ಳಿಕೊಂಡು ಹೋದೆವು. ರಸ್ತೆಬದಿಯಲ್ಲಿ ಕೂತಿದ್ದ ಗಂಡಸರು, "ಎಲ್ಗವ್ವ ಸವಾರಿ?" ಅಂದರು. "ಟೆಂಟ್ ನೋಡಾಕೆ" ಅಂದೆ. "ಸಿನಿಮಾನಾ?" ಅಂದರು. ಅವರಿಗೆ ಹೇಳಿ ಪ್ರಯೋಜನವಿಲ್ಲ ಅಂತ ಗಾಡಿ ತಳ್ಳಿದೆ.

ಮೊದಲು ನೋಡಿದ್ದು ಮೈಸೂರಿನ ರಿಂಗ್ ರೋಡಿನ ಆಚೆಯದು. ಲಾರಿಯ ಮೇಲೆ ಬರುವ ತಗಡಿನ ಡಬ್ಬ ಇರುತ್ತದಲ್ಲ, ಅದಕ್ಕೆ ಬಣ್ಣ ಹೊಡೆದು ಕಿಟಕಿ ಕೊರೆದು ಮನೆ ಅಂದಿದ್ದರು. ಒಳಗೆ ಮಿಷನ್ನು ತಣ್ಣಗೆ ಗಾಳಿ ಊದುತ್ತಿತ್ತು. "ಕರೆಂಟ್ ಓದ್ರೆ?" ಅಂದೆ. "ಜನರೇಟರ್ ಇದೆ ಮೇಡಂ" ಅಂದ ಅಲ್ಲಿಯವನು. ನನ್ನನ್ನು ಯಾರೂ ಅಲ್ಲಿಯವರೆಗೆ ಮೇಡಂ ಅಂದಿರಲಿಲ್ಲ. ಆದರೂ ಜಾಗ ಒಪ್ಪಿಗೆ ಆಗಲಿಲ್ಲ. ಗೋಡೆ ತಟ್ಟಿದೆ, ಖಾಲಿ ಡ್ರಮ್ಮಿನ ಸದ್ದು. ಇದರೊಳಗೆ ರಾಜಮ್ಮನನ್ನು ಮಲಗಿಸಿದರೆ ಅಕ್ಕಿ ಮೂಟೆ ತುಂಬಿಟ್ಟ ಹಾಗೆ ಅನ್ನಿಸಿತು.

ಎರಡನೆಯದು ಊಟಿ ರಸ್ತೆ ಹಿಡಿದು ಹೋಗಿ ಗುಡ್ಡದ ಬುಡಕ್ಕೆ ತಿರುಗಿದರೆ ಸಿಗುವುದು. ಹಲಗೆಯ ಮನೆಗಳು, ಕಂಬದ ಮೇಲೆ ಎತ್ತರಕ್ಕೆ ನಿಲ್ಲಿಸಿದ್ದರು. ಚಂದ ಇತ್ತು, ಸುಳ್ಳು ಹೇಳುವುದಿಲ್ಲ. ನಾನು ಮೇಲೆ ಹತ್ತಿ ಮಂಚದ ಮೇಲೆ ಒಂದು ಸಲ ಉರುಳಿಯೂ ನೋಡಿದೆ. ಜಯಮ್ಮ ಫೋಟೊ ತೆಗೆದಳು. ಆದರೆ ಹತ್ತುವ ಏಣಿ ಕಡಿದಾಗಿತ್ತು, ರಾಜಮ್ಮನ ಮಂಡಿ ಆಗಲೇ ಕಿರಿಕಿರಿ. ಇನ್ನೊಂದು, ಒಂದು ಪಕ್ಕದ ಗೋಡೆ ಪೂರಾ ಗಾಜು. "ಇಲ್ಲಿ ಮಲಗಿದ್ರೆ ಬೆಳಿಗ್ಗೆ ಸೂರ್ಯ ನೇರ ಮುಖಕ್ಕೆ ಬರ್ತಾನೆ," ಅಂದ ಆ ಹುಡುಗ ಹೆಮ್ಮೆಯಿಂದ. "ಸೂರ್ಯ ಬರ್ಲಿ, ಕುರಿ ಕಾಯೋರೂ ಬತ್ತಾರಲ್ಲಪ್ಪ" ಅಂದೆ. ಗುಡ್ಡದ ಮೇಲೆ ನಾಲ್ಕು ಜನ ಕುರಿಯವರು ನಮ್ಮನ್ನೇ ನೋಡುತ್ತಾ ನಿಂತಿದ್ದರು.

ಮೂರನೆಯದು ನರಸೀಪುರ ದಾಟಿ ಹೆಮ್ಮಿಗೆಯ ಕಡೆ, ಕಾವೇರಿ ದಂಡೆ. ಯಾರೋ ಮೈಸೂರಿನವರು ಹೊಂಗೆ ತೋಪು ಗುತ್ತಿಗೆಗೆ ಹಿಡಿದು ಟೆಂಟು ಹಾಕಿದ್ದರು. ಹೊಂಗೆ ಹೂವು ಉದುರಿ ನೆಲವೆಲ್ಲ ಅಕ್ಕಿ ಚೆಲ್ಲಿದ ಹಾಗಿತ್ತು. ಹೊಳೆ ಇಳಿದು ಬಂಡೆಗಳೆಲ್ಲ ಬೆನ್ನು ತೋರಿಸುತ್ತಿದ್ದವು, ನಡುವೆ ನೀರು ಸಣ್ಣಗೆ ಮಾತಾಡಿಕೊಂಡು ಹೋಗುತ್ತಿತ್ತು. ಚಪ್ಪಲಿ ಬಿಟ್ಟು ನಿಂತೆ. ಆಗಲೇ ಮನಸ್ಸು ಇಲ್ಲೇ ಅಂದಿತು. ಆದರೂ ವ್ಯಾಪಾರದವಳು, ಮುಖದಲ್ಲಿ ತೋರಿಸಿಕೊಳ್ಳಬಾರದು.

ಅಲ್ಲಿನ ಮ್ಯಾನೇಜರ್ ಒಬ್ಬ ತೆಳ್ಳನೆ ಹುಡುಗ, ಟೋಪಿ ಹಾಕಿಕೊಂಡಿದ್ದ. ಅವನನ್ನು ಹಿಂಡಿದೆ. ಟೆಂಟಿನ ಬಟ್ಟೆ ಎಳೆದು ನೋಡಿದೆ, ಗೂಟ ಅಲ್ಲಾಡಿಸಿದೆ, ಮಂಚದ ಕೆಳಗೆ ಬಗ್ಗಿ ಇರುವೆ ಸಾಲು ಇದೆಯಾ ಅಂತ ಹುಡುಕಿದೆ. ಕಕ್ಕಸಿನ ನಲ್ಲಿ ತಿರುಗಿಸಿದೆ. ಹಾವು ಬರುತ್ತದಾ, ಮಳೆ ಬಂದರೆ ನೀರು ಯಾವ ಕಡೆ ಹರಿಯುತ್ತದೆ, ಕುಡುಕರ ಕಾಟ ಇದೆಯಾ, ಎಲ್ಲ ಕೇಳಿದೆ. ಭಾನುವಾರ ಸಂಜೆಗೆ ಬೆಂಗಳೂರಿನವರು ಖಾಲಿಯಾಗುತ್ತಾರೆ, ಆವತ್ತು ಬಂದರೆ ಗಲಾಟೆ ಇರುವುದಿಲ್ಲ ಅಂತಲೂ ಅವನ ಬಾಯಿಂದಲೇ ಹೊರಡಿಸಿದೆ. "ಅಮ್ಮ, ನೀವು ಇಡೀ ಕ್ಯಾಂಪ್ ಕೊಂಡ್ಕೊಳ್ತಿದ್ದೀರಾ?" ಅಂದ ಪಾಪ.

ಒಂದು ಮಾತು ಮಾತ್ರ ಕೇಳಲಿಲ್ಲ. ಊಟದ್ದು. ನಮ್ಮ ಕಡೆ ಅದನ್ನು ಕೇಳುವ ಪದ್ಧತಿ ಇಲ್ಲ. ನೆಂಟರ ಮನೆಗೆ ಹೋದಾಗ ಹೊಟ್ಟೆ ಬೆನ್ನಿಗೆ ಹತ್ತಿದ್ದರೂ, "ಈಗ್ ತಾನೆ ಉಂಡ್ ಬಂದೆ" ಅನ್ನಬೇಕು. ಅವರು ಅದನ್ನು ನಂಬದೆ ತಟ್ಟೆ ಹಾಕಬೇಕು. ನಾವು ಬೇಡ ಬೇಡ ಅನ್ನುತ್ತಲೇ ಕೂರಬೇಕು. ಊಟ ಹಾಕುತ್ತೀರಾ ಅಂತ ಬಾಯಿಬಿಟ್ಟು ಕೇಳಿದವಳನ್ನು ಊರು ಸಾಯುವವರೆಗೂ ಆಡಿಕೊಳ್ಳುತ್ತದೆ. ಕರೆದವರು ಉಣ್ಣಿಸದೆ ಇರುತ್ತಾರಾ? ದುಡ್ಡು ಬೇರೆ ಕೊಡುತ್ತಿದ್ದೇವೆ. ಹಿಂದುಗಡೆ ದೊಡ್ಡ ಅಡುಗೆಮನೆ ಇತ್ತು, ಇದ್ದಿಲ ಮೂಟೆಗಳಿದ್ದವು, ಈರುಳ್ಳಿ ರಾಶಿ ಇತ್ತು. ಕಣ್ಣಾರೆ ನೋಡಿದೆ. ಸಾಕು ಅಂದುಕೊಂಡೆ.

ಹೊರಡುವ ಭಾನುವಾರ ಬಂತು. ಮೊದಲು ಹತ್ತು ಜನ ಬರುತ್ತೇವೆ ಅಂದಿದ್ದರು. ಒಬ್ಬಳ ಹಸು ಅವಳನ್ನು ಬಿಟ್ಟರೆ ಬೇರೆಯವರಿಗೆ ಹಾಲು ಕೊಡುವುದಿಲ್ಲ, ಒಬ್ಬಳ ಮನೆಗೆ ಬೀಗರು ಬಂದರು, ಒಬ್ಬಳಿಗೆ ಹಲ್ಲಿ ಲೊಚಗುಟ್ಟಿತು. ಕೊನೆಗೆ ಆಟೋ ಹತ್ತಿದ್ದು ರಾಜಮ್ಮ, ಜಯಮ್ಮ, ನಾನು. ರಾಜಮ್ಮ ಶಾಲೆಯವರು ಶಾಲು ಹೊದಿಸಿದ ದಿನ ಉಟ್ಟಿದ್ದ ಸೀರೆಯನ್ನೇ ಉಟ್ಟಿದ್ದಳು, ಹೂವು ಮುಡಿದಿದ್ದಳು. ಕೈಚೀಲ ಮಾತ್ರ ಭಾರವಾಗಿ ಕಂಡಿತು.

"ತಗಿ ಚೀಲ," ಅಂದೆ.

"ಸೀರೆ ಕಣಕ್ಕ."

ಕೈ ಹಾಕಿದೆ. ಉಪ್ಪಿನಕಾಯಿ, ಚಟ್ನಿಪುಡಿ, ಒಂದು ಪೊಟ್ಟಣ ಖಾರದ ಪುಡಿ, ಚಾಕು.

"ಇದ್ಯಾಕೆ ಚಾಕು?"

"ಎಣ್ಣು ಕುಯ್ಯಾಕೆ."

"ಎಣ್ಣ ಕಚ್ಕಂಡ್ ತಿನ್ನು. ನೀನು ಇವತ್ತು ಏನೂ ಕುಯ್ಯಂಗಿಲ್ಲ, ಏನೂ ಉರ್ಯಂಗಿಲ್ಲ." ಚಾಕು, ಖಾರದ ಪುಡಿ ಎರಡನ್ನೂ ಅವಳ ಸೊಸೆಯ ಕೈಗೆ ಕೊಟ್ಟು ಆಟೋ ಬಿಡಿಸಿದೆ. ಊರು ದಾಟುವವರೆಗೂ ಗುರ್ ಅಂತಿದ್ದಳು. ನರಸೀಪುರದ ಸೇತುವೆಯ ಮೇಲೆ ಗಾಳಿ ಮುಖಕ್ಕೆ ಹೊಡೆದಾಗ ಮರೆತುಬಿಟ್ಟಳು. ತಲೆ ಹೊರಗೆ ಹಾಕಿ, "ಜಯಾ, ಇನ್ನೂ ಎಷ್ಟ್ ದೂರ, ಇನ್ನೂ ಎಷ್ಟ್ ದೂರ" ಅಂತ ಒಂದೇ ಸಮ.

ಟೆಂಟಿಗೆ ಬಾಗಿಲಿನ ಬದಲು ಜಿಪ್ಪು. ರಾಜಮ್ಮ ಅದನ್ನು ಎಳೆದು ಬಿಟ್ಟು, ಎಳೆದು ಬಿಟ್ಟು ನೋಡಿದಳು. ಮಂಚದ ಮೇಲೆ ಕೂತು ಎರಡು ಸಲ ಕುಪ್ಪಳಿಸಿದಳು. ಆಮೇಲೆ ಹೊರಗೆ ಬಂದು ಒಂದು ಕುರ್ಚಿಯಲ್ಲಿ ಕೂತಳು, ಇನ್ನೊಂದು ಎಳೆದುಕೊಂಡು ಕಾಲು ಚಾಚಿದಳು. ಜಯಮ್ಮ ಫೋಟೊ ತೆಗೆದಳು. "ವಸಿ ಸೆರಗು ಸರಿ ಮಾಡ್ಕೊ ರಾಜಕ್ಕ." "ನೀನೇ ಬಂದ್ ಸರಿ ಮಾಡು, ನಾನ್ ಎದ್ದೇಳಕ್ಕಿಲ್ಲ." ನೀರು ಬೇಕು ಅಂದಳು, ನಾನು ತಂದುಕೊಟ್ಟೆ. ಕುಡಿದು ಲೋಟವನ್ನು ನನ್ನ ಕೈಗೇ ಕೊಟ್ಟಳು, ಎಲ್ಲಿಡಲಿ ಅಂತ ಕೂಡ ಕೇಳಲಿಲ್ಲ. ಅವಳ ದೌಲತ್ತು ನೋಡಿ ನನಗೆ ಖುಷಿಯೋ ಖುಷಿ. ನಾನೇ ಆರಿಸಿದ ಜಾಗ ತಾನೆ.

ಹೊತ್ತು ಇಳಿಯುತ್ತಿತ್ತು. ಮ್ಯಾನೇಜರ್ ಒಂದು ಬುಟ್ಟಿ, ಒಂದು ಇದ್ದಿಲ ಚೀಲ, ನಾಲ್ಕು ಕಾಲಿನ ಒಂದು ಕಬ್ಬಿಣದ ಒಲೆ ತಂದು ನಮ್ಮ ಮುಂದೆ ಇಟ್ಟ. ಬುಟ್ಟಿಯಲ್ಲಿ ಮಸಾಲೆ ಹಚ್ಚಿದ ಕೋಳಿ, ಆಲೂಗಡ್ಡೆ, ಜೋಳ, ಈರುಳ್ಳಿ, ಉದ್ದುದ್ದ ಕಡ್ಡಿಗಳು.

"ಇದೇನಪ್ಪ?" ಅಂದೆ.

"ಬಾರ್ಬೆಕ್ಯೂ ಅಮ್ಮ. ಕಡ್ಡಿಗೆ ಚುಚ್ಚಿ ಸುಡೋದು. ಇಲ್ಲಿ ಗೆಸ್ಟ್‌ಗಳೇ ಮಾಡ್ಕೊಳ್ಳೋದು, ಸಿಟಿಯೋರು ಅದಕ್ಕೇ ಬರ್ತಾರೆ. ಒಳ್ಳೆ ಎಕ್ಸ್‌ಪೀರಿಯನ್ಸು."

"ಆ ಎಕ್ಸ್‌ಪೀರಿಯನ್ಸು ನಮ್ಗೆ ಉಟ್ಟಿದಾಗ್ಲಿಂದ ಅದೆ ಕಣಪ್ಪ. ಮಾಡಿಕ್ಕೋರು ಯಾರೂ ಇಲ್ವಾ?"

"ಅಡುಗೆಯವರು ಶನಿವಾರ ಮಾತ್ರ ಅಮ್ಮ. ನೀವು ಮೊದಲೇ ಹೇಳಿದ್ರೆ ಕರೆಸ್ತಿದ್ದೆ." ಅಷ್ಟು ಹೇಳಿ ನರಸೀಪುರಕ್ಕೆ ಏನೋ ತರಬೇಕು ಅಂತ ಬೈಕ್ ಹತ್ತಿ ಹೋಗಿಯೇಬಿಟ್ಟ.

ಇಡೀ ಬೇಸಿಗೆ ಬಿಸಿಲಲ್ಲಿ ಸುತ್ತಿ, ಅಡುಗೆಯವಳಿಗೆ ಅಡುಗೆ ಮಾಡುವ ಜಾಗವನ್ನೇ ಹುಡುಕಿಕೊಂಡು ಬಂದಿದ್ದೆ. ರಾಜಮ್ಮ ಬುಟ್ಟಿ ನೋಡಿದಳು. ಹೊಳೆ ನೋಡಿದಳು. ಕಾಲು ಕೆಳಗಿಟ್ಟಳು.

"ಕೊಡಿ ಇತ್ತ. ಅರ್ಧ ಗಂಟೆ ಕೆಲ್ಸ."

"ಕುಂತ್ಕೊ," ಅಂದೆ. "ಮುಟ್ಟುದ್ರೆ ಕೈ ಮುರೀತೀನಿ. ನಾವ್ ಮಾಡ್ತೀವಿ."

"ನೀವಾ?" ಅಂದಳು. ಅವಳು ಕೇಳಿದ್ದರಲ್ಲಿ ತಪ್ಪಿಲ್ಲ. ಜಯಮ್ಮನ ಮನೆಯಲ್ಲಿ ಅತ್ತೆಯದೇ ಅಡುಗೆ, ಇವಳಿಗೆ ಒಲೆಯ ಯಾವ ಕಡೆ ಸೌದೆ ಇಡಬೇಕು ಅಂತ ಗೊತ್ತಿಲ್ಲ. ನನ್ನ ಸಾರನ್ನು ನನ್ನ ಗಂಡ ಬದುಕಿರುವವರೆಗೂ ಉಸಿರೆತ್ತದೆ ಉಂಡ, ಪುಣ್ಯಾತ್ಮ. ಚೆನ್ನಾಗಿದೆ ಅಂತ ಒಂದು ದಿನವೂ ಸುಳ್ಳು ಹೇಳಲಿಲ್ಲ.

ಆದರೂ ಶುರು ಮಾಡಿದೆವು. ಆ ಹೊತ್ತಿಗೇ ಬಂತು ಭರಣಿ ಮಳೆ. ಹೊಳೆಯ ಆಚೆ ದಡದಿಂದ ಮಣ್ಣಿನ ವಾಸನೆ ಮೊದಲು ಬಂತು, ಹಿಂದೆಯೇ ದಪ್ಪ ಹನಿ. ಕುಣಿಯುವಷ್ಟು ಸಂತೋಷವಾಗಬೇಕಾದ ಮಳೆ, ವರ್ಷದ ಮೊದಲ ಹದಮಳೆ. ನಾವು ಮೂವರೂ ಟೆಂಟಿನೊಳಕ್ಕೆ ಓಡಿದೆವು. ರಾಜಮ್ಮ ಜಿಪ್ಪಿನ ಸಂದಿಯಲ್ಲಿ ಮುಖ ಇಟ್ಟು, "ನಮ್ಮೂರ್ಗೂ ಉಯ್ದಿರ್ತದಾ?" ಅಂತಿದ್ದಳು. ಸುರಿದದ್ದು ಸ್ವಲ್ಪವೇ ಹೊತ್ತು. ನಿಂತ ಮೇಲೆ ಹೊರಗೆ ಬಂದು ನೋಡಿದರೆ ಇದ್ದಿಲ ಚೀಲ ಬಾಯಿ ತೆರೆದುಕೊಂಡು ನೆನೆದು ಕೂತಿತ್ತು. ತೆರೆದಿಟ್ಟವಳು ನಾನೇ.

ಊದಿದೆ. ಬೀಸಿದೆ. ಜಯಮ್ಮ ಒದ್ದೆ ಪುರಳೆ ಕಡ್ಡಿ ತಂದು ಹಾಕಿದಳು. ಹೊಗೆ ಎದ್ದಿತು, ಬೆಂಕಿ ಏಳಲಿಲ್ಲ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಆಲೂಗಡ್ಡೆ ಹೊರಗೆ ಕರಿ, ಒಳಗೆ ಕಲ್ಲು. ಕೋಳಿ ಕಡ್ಡಿಯಿಂದ ಜಾರಿ ಕೆಸರಿಗೆ ಬಿತ್ತು. ಜಯಮ್ಮ ಎತ್ತಿ ತೊಳೆಯಲು ಹೋದಳು, "ಬುಡು, ನಾಯಿಗಾಯ್ತದೆ" ಅಂದೆ. ರಾಜಮ್ಮ ಕುರ್ಚಿಯಲ್ಲಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂತಿದ್ದಳು, ಅವು ತಾವಾಗಿಯೇ ಎದ್ದು ಬರುತ್ತವೆ ಅನ್ನುವ ಹಾಗೆ. ತುಟಿ ಬಿಗಿದುಕೊಂಡಿದ್ದಳು. ಜಯಮ್ಮ ಈರುಳ್ಳಿ ಹೆಚ್ಚತೊಡಗಿದಳು. ಇವಳು ಎಷ್ಟು ಹೊತ್ತು ತಡೆದಾಳು.

"ಈರುಳ್ಳಿ ಅಂಗ್ ಅಚ್ಚದಲ್ಲ ಕಣಕ್ಕ," ಅಂದಳು. ಎದ್ದಳು. ಸೆರಗು ಎಳೆದು ಸೊಂಟಕ್ಕೆ ಸಿಕ್ಕಿಸಿದಳು. ಆ ಸಿಕ್ಕಿಸುವುದನ್ನು ನಾನು ಇಪ್ಪತ್ತು ವರ್ಷ ನೋಡಿದ್ದೇನೆ. ಸೆರಗು ಸೊಂಟಕ್ಕೆ ಹೋದರೆ ಮುಗಿಯಿತು, ಇನ್ನು ಅವಳು ಕೂರುವುದು ಎಲ್ಲರೂ ಉಂಡು ಕೈ ತೊಳೆದ ಮೇಲೆಯೇ.

"ಒಂದ್ ಗಳಿಗೆ ನಿಂತ್ಕೊ," ಅಂದೆ. "ಜಯಾ, ಅವ್ಳ್ ಕೈ ಹಿಡ್ಕೊ. ಬಿಟ್ಟೀಯೆ."

ತೋಪಿನ ಆ ತುದಿಯಲ್ಲಿ ಇನ್ನೊಂದೇ ಟೆಂಟಿನಲ್ಲಿ ಜನ ಇದ್ದರು. ಅಲ್ಲಿ ಒಲೆ ಕೆಂಪಗೆ ಉರಿಯುತ್ತಿತ್ತು, ಮಸಾಲೆಯ ಘಮ ನಮ್ಮ ಹೊಗೆಯನ್ನೂ ಸೀಳಿಕೊಂಡು ಬರುತ್ತಿತ್ತು. ಆ ಕಡೆ ಹೆಜ್ಜೆ ಹಾಕಿದೆ. ಸಂತೆಯಲ್ಲಿ ನಾನು ಯಾರ ಜೊತೆ ಬೇಕಾದರೂ ಬಾಯಿ ಮಾಡುತ್ತೇನೆ, ಪೊಲೀಸಿನವನಿಗೂ ಸೊಪ್ಪು ಬಿಟ್ಟಿ ಕೊಟ್ಟವಳಲ್ಲ. ಆದರೆ ಗುರುತಿಲ್ಲದವರ ಮುಂದೆ ನಿಂತು ಅನ್ನ ಕೇಳುವುದು ಬೇರೆ. ನನ್ನ ಅವ್ವ ಕೇಳಿದವಳಲ್ಲ, ಅವಳ ಅವ್ವ ಕೇಳಿದವಳಲ್ಲ. ನಡುವೆ ಎರಡು ಸಲ ನಿಂತೆ.

ಗಡ್ಡ ಬಿಟ್ಟ ಗಂಡಸು ಒಬ್ಬ, ಚಡ್ಡಿ ಹಾಕಿಕೊಂಡು, ಒಲೆಯ ಮುಂದೆ ನಿಂತು ಕೋಳಿ ತಿರುಗಿಸುತ್ತಿದ್ದ. ಅವನ ಹೆಂಡತಿ ಕುರ್ಚಿಯಲ್ಲಿ ಕೂತು ಕಾಲು ಚಾಚಿಕೊಂಡು ಯಾವುದೋ ಪುಸ್ತಕ ಓದುತ್ತಿದ್ದಳು. ನಾನು ಸ್ವಲ್ಪ ಹೊತ್ತು ಅದನ್ನೇ ನೋಡಿದೆ. ಆಮೇಲೆ, "ಯಾವೂರಪ್ಪ?" ಅಂದೆ.

"ಬೆಂಗಳೂರು ಅಮ್ಮ. ಕೂತ್ಕೊಳ್ಳಿ."

"ಮಳೆ ಚೆನ್ನಾಗ್ ಬಂತು."

"ಹೌದು ಅಮ್ಮ, ನಾನು ಇದ್ದಿಲನ್ನ ಕಾರಿನೊಳಗೆ ಇಟ್ಟುಬಿಟ್ಟೆ."

"ಒಳ್ಳೇದಾಯ್ತು." ಸೆರಗಿನಿಂದ ಮುಖದ ಮಸಿ ಒರೆಸಿಕೊಂಡೆ. ಹೆಂಡತಿ ಪುಸ್ತಕ ಮಡಿಚಿ, "ಏನಾದ್ರೂ ಬೇಕಿತ್ತಾ?" ಅಂದಳು. ಹಿಂದಿರುಗಿ ನೋಡಿದೆ. ಜಯಮ್ಮ ರಾಜಮ್ಮನ ರಟ್ಟೆ ಹಿಡಿದುಕೊಂಡಿದ್ದಳು, ರಾಜಮ್ಮ ಅವಳನ್ನೂ ಎಳೆದುಕೊಂಡು ಒಲೆಯ ಕಡೆ ಹೋಗುತ್ತಿದ್ದಳು.

"ಊಟ ಬೇಕು," ಅಂದೆ. ಅಂದ ಮೇಲೆ ಸುಲಭವಾಯಿತು. "ನಂಗಲ್ಲ, ಅಗೋ, ಅವ್ಳಿಗೆ. ಊರ್ ಮಕ್ಳಿಗೆಲ್ಲ ಬೇಯ್ಸಿ ಆಕಿ ಈಗ ಮನೇಗ್ ಬಂದವ್ಳೆ. ಒಂದ್ ದಿನ ಯಾರಾದ್ರೂ ಇಕ್ಲಿ ಅಂತ ಆಸೆ. ನಾವ್ ಮಾಡಾಕ್ ಓಗಿ ಕೆಡ್ಸಿದೀವಿ. ಅವ್ಳೊಬ್ಳಿಗ್ ಆದ್ರೆ ಸಾಕು, ನಾವಿಬ್ರು ಅಂಗೇ ಇರ್ತೀವಿ. ಆದ್ರೆ ಮೊದ್ಲು ಅವ್ಳಿಗೇ ಇಕ್ಬೇಕು. ಕುಂತಲ್ಲೇ ತಂದ್ ಇಕ್ಬೇಕು. ಏಳಾಕ್ ಬಿಡ್ಬಾರ್ದು."

ಬೇಡಲು ಬಂದವಳು ಷರತ್ತು ಹಾಕಿದ್ದು ಕೇಳಿ ಅವನು ಇಕ್ಕಳ ಹಿಡಿದುಕೊಂಡೇ ನಗಲು ಶುರು ಮಾಡಿದ. ಹೆಂಡತಿ ನಗಲಿಲ್ಲ. "ನೀನು ತಟ್ಟೆ ತೆಗೆದುಕೊಂಡು ಬಾ," ಅಂತ ಗಂಡನಿಗೆ ಹೇಳಿ, ಚಪ್ಪಲಿ ಮೆಟ್ಟಿಕೊಂಡು ನನಗಿಂತ ಮುಂದೆ ಬಿರಬಿರನೆ ಹೊರಟಳು. ಹೋದವಳೇ ರಾಜಮ್ಮನ ಭುಜ ಹಿಡಿದು, "ನೀವು ಕೂತ್ಕೊಳ್ಳಿ ಆಂಟಿ" ಅಂದು ಕುರ್ಚಿಯಲ್ಲಿ ಕೂರಿಸಿದಳು. ಸೊಂಟದಲ್ಲಿದ್ದ ಸೆರಗನ್ನು ಅವಳೇ ಬಿಡಿಸಿದಳು.

"ಯಾರವ್ವ ಇವ್ರು?" ಅಂದಳು ರಾಜಮ್ಮ ನನ್ನ ಕಡೆ.

"ನೆಂಟ್ರು," ಅಂದೆ.

ಗಡ್ಡದವನು ಒಂದು ಕೈಯಲ್ಲಿ ತಟ್ಟೆ, ಇನ್ನೊಂದು ಕೈಯಲ್ಲಿ ಕೋಳಿಯ ಪಾತ್ರೆ ಹಿಡಿದುಕೊಂಡು ಒದ್ದೆ ಹುಲ್ಲಿನ ಮೇಲೆ ಹುಷಾರಾಗಿ ಬಂದ. ಮೊದಲ ತಟ್ಟೆ ರಾಜಮ್ಮನ ಮುಂದೆ ಹಿಡಿದ. ಎರಡು ತುಂಡು ಕೋಳಿ, ಸುಟ್ಟ ಜೋಳ, ಬ್ರೆಡ್ಡು. ರಾಜಮ್ಮ ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ನಮ್ಮನ್ನು ನೋಡಿದಳು. "ನಿಮ್ದು?" ಅಂದಳು.

"ಮೊದ್ಲು ನೀನ್ ತಿನ್ನು," ಅಂದೆ.

ನಾವೆಲ್ಲ ನಿಂತೇ ಇದ್ದೆವು. ಜಯಮ್ಮ, ನಾನು, ಆ ಗಂಡ, ಆ ಹೆಂಡತಿ. ಅವಳು ಒಂದು ತುಂಡು ಬಾಯಿಗಿಟ್ಟಳು. ಅಗಿದಳು. ನಿಧಾನವಾಗಿ ಅಗಿದಳು, ಸಾರಿನ ಹದ ನೋಡುವವಳ ಹಾಗೆ ಕಣ್ಣು ಮುಚ್ಚಿ. ಗಡ್ಡದವನಿಗೆ ಪರೀಕ್ಷೆ ಬರೆದವನ ಹಾಗೆ ಆಗಿತ್ತು, "ಹೇಗಿದೆ ಅಮ್ಮ?" ಅಂದ.

"ಉಪ್ಪು ವಸಿ ಕಮ್ಮಿ," ಅಂದಳು ರಾಜಮ್ಮ.

ಅವನು "ಸಾರಿ ಅಮ್ಮ" ಅಂದು ಉಪ್ಪು ತರಲು ಓಡಿದ. ರಾಜಮ್ಮ ನನ್ನ ಮುಖ ನೋಡಿದಳು. ಅಷ್ಟು ವರ್ಷ ಆ ಮಾತನ್ನು ಎಲ್ಲರೂ ಅವಳಿಗೆ ಹೇಳಿದವರು. ಮೇಷ್ಟ್ರು ಹೇಳಿದ್ದಾರೆ, ಬೀಗರು ಹೇಳಿದ್ದಾರೆ, ಮೂಗು ಸುರಿಸುವ ಮಕ್ಕಳು ಹೇಳಿದ್ದಾರೆ. ಅವಳು ಹೇಳಿದ್ದು ಅದೇ ಮೊದಲು. ಕುರ್ಚಿಗೆ ಒರಗಿಕೊಂಡಳು, ಇನ್ನೊಂದು ಕುರ್ಚಿಯ ಮೇಲೆ ಕಾಲು ಎತ್ತಿಟ್ಟಳು, ಉಪ್ಪು ಬರಲಿ ಅಂತ ಕಾದಳು. ಉಪ್ಪು ಬಂತು. ಅವನೇ ಉದುರಿಸಿದ. "ಸಾಕಾ? ಇನ್ನೊಂದು ತುಂಡು?" ಅಂದ. ಅವಳು ಸಾಕು ಅನ್ನಲಿಲ್ಲ. ನಮ್ಮ ಕಡೆಯ ಮರ್ಯಾದೆಗೆ ಎರಡು ಸಲವಾದರೂ ಬೇಡ ಅನ್ನಬೇಕು. ಒಂದು ಸಲವೂ ಅನ್ನಲಿಲ್ಲ, ತಟ್ಟೆ ಮುಂದಕ್ಕೆ ಹಿಡಿದಳು.

ಆಮೇಲೆ ನಮಗೂ ಹಾಕಿದರು. ಅವರಲ್ಲಿ ಬೇಕಾದಷ್ಟಿತ್ತು. ಕೋಳಿ ನಿಜವಾಗಿ ಚೆನ್ನಾಗಿತ್ತು, ಉಪ್ಪೂ ಸರಿಯಾಗೇ ಇತ್ತು. ತಟ್ಟೆಗಳನ್ನು ಜಯಮ್ಮ ತೊಳೆದಳು. ರಾಜಮ್ಮ ಕೂತಲ್ಲಿಂದಲೇ, "ಅಂಚು ಉಜ್ಜು, ಅಂಚು" ಅಂತ ಹೇಳಿಕೊಟ್ಟಳು.

ಮಾರನೆಯ ಬೆಳಿಗ್ಗೆ ನನಗೆ ಬಸ್ಸಿನ ಹೊತ್ತಿಗೇ ಎಚ್ಚರವಾಯಿತು. ಜಯಮ್ಮನೂ ಎದ್ದಳು. ರಾಜಮ್ಮ ಆ ಕಡೆ ಮುಖ ಮಾಡಿ, ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದಳು. ಬಿಸಿಲು ಟೆಂಟಿನ ಬಟ್ಟೆಗೆ ಬಂದರೂ ಏಳಲಿಲ್ಲ. ಮ್ಯಾನೇಜರ್ ಮೂರು ಲೋಟ ಟೀ ತಂದ. "ಎಬ್ಬಿಸ್ಲಾ ಸಿದ್ದಕ್ಕ, ಆರೋಯ್ತದೆ," ಅಂದಳು ಜಯಮ್ಮ. "ಮುಟ್ ನೋಡುವ" ಅಂದೆ. ಜಿಪ್ಪು ಪೂರಾ ಎಳೆದು, ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂತೆ. ನನ್ನ ಟೀ ಕುಡಿದೆ. ಆಮೇಲೆ ಅವಳದನ್ನೂ ಕುಡಿದೆ.